ಸರ್ ದೊರಾಬ್ಜಿ ಟಾಟಾ: ಪತ್ನಿಯ ಸ್ಮರಣಾರ್ಥ ವೈದ್ಯಕೀಯ ಸಂಶೋಧನೆಗೆ ದತ್ತಿ

ಅಗಲಿದ ಬಂಧುಗಳ ಹೆಸರಿನಲ್ಲಿ ದತ್ತಿ ಸ್ಥಾಪಿಸಲು ಇಚ್ಛಿಸುವ ಸಾರ್ವಜನಿಕರ ಅವಗಾಹನೆಗಾಗಿ ಈ ಜೀವನ ಪರಿಚಯವನ್ನು ನೀಡಲಾಗಿದೆ.

ಜನನ ಮತ್ತು ವಿವಾಹ

ಜಮ್‌ಷೆಟ್‌ಜಿ ಟಾಟಾ ಅವರ ಜ್ಯೇಷ್ಠ ಪುತ್ರರಾದ ದೊರಾಬ್ಜಿ ಅವರು 1859ರ ಆಗಸ್ಟ್ 27ರಂದು ಜನಿಸಿದರು. 1898ರಲ್ಲಿ ಮೆಹರ್‌ಬಾಯಿ ಅವರನ್ನು ವಿವಾಹವಾದರು. ಮೆಹರ್‌ಬಾಯಿ ಅವರ ತಂದೆ ಎಚ್.ಜೆ. ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ಆಕೆಯ ಬಾಲ್ಯದ ವಿದ್ಯಾಭ್ಯಾಸ ಬೆಂಗಳೂರಿನಲ್ಲಿ ನಡೆಯಿತು. ವಿಜ್ಞಾನಿ ಹೋಮಿ ಭಾಭಾ ಅವರು ಆಕೆಯ ಸೋದರನ ಪುತ್ರರು. ಸ್ತ್ರೀಶಿಕ್ಷಣ ಹಾಗೂ ಬಾಲ್ಯವಿವಾಹ ನಿಷೇಧಕ್ಕಾಗಿ ಮೆಹರ್‌ಬಾಯಿ ಅವರು ಶ್ರಮಿಸಿದರು.

ಸಂಕಷ್ಟದ ಕಾಲ

ತಂದೆಯ ನಿಧನಾನಂತರ ದೊರಾಬ್ಜಿ ಅವರು 1907ರಲ್ಲಿ ಉಕ್ಕಿನ ಕಂಪನಿಯನ್ನು ಸ್ಥಾಪಿಸಿದರು. ತಂದೆಯವರು ಸಂಕಲ್ಪಿಸಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪನೆಗೊಂಡಿತು. 1924ರಲ್ಲಿ ಉಕ್ಕಿನ ಕಂಪನಿಯು ಕಾರ್ಮಿಕರಿಗೆ ವೇತನ ನೀಡಲೂ ಹಣವಿಲ್ಲದ ಸ್ಥಿತಿ ತಲುಪಿತು. ಆಗ ದೊರಾಬ್ಜಿ ಅವರು ಸ್ವಂತ ಆಸ್ತಿಯನ್ನೂ, 245 ಕ್ಯಾರೆಟ್ ತೂಕದ ಜ್ಯೂಬಿಲಿ ವಜ್ರ ಸೇರಿದಂತೆ ಪತ್ನಿಯ ಆಭರಣಗಳನ್ನೂ ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಸುಮಾರು 1 ಕೋಟಿ ರೂಪಾಯಿ ಸಾಲ ಪಡೆದರು. ಕಂಪನಿ ಉಳಿಯಿತು.

ದತ್ತಿಗಳ ಸ್ಥಾಪನೆ

1931ರ ಜೂನ್ 18ರಂದು ಮೆಹರ್‌ಬಾಯಿ ಅವರು ರಕ್ತದ ಕ್ಯಾನ್ಸರ್‌ನಿಂದ ವೇಲ್ಸ್‌ನಲ್ಲಿ ನಿಧನ ಹೊಂದಿದರು. ಆ ಕಾಲದಲ್ಲಿ ಈ ರೋಗವನ್ನು ಗುಣಪಡಿಸುವ ಔಷಧವೇ ಇರಲಿಲ್ಲ. ದಂಪತಿಗಳಿಗೆ ಮಕ್ಕಳಿರಲಿಲ್ಲ. ಪತ್ನಿಯನ್ನು ಬಲಿ ಪಡೆದ ರೋಗದ ಸಂಶೋಧನೆಗಾಗಿಯೇ ದೊರಾಬ್ಜಿ ಅವರು 1932ರ ಏಪ್ರಿಲ್‌ನಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಸ್ಥಾಪಿಸಿದರು. ಇದರ ಆದಾಯದ ಐದರಲ್ಲಿ ನಾಲ್ಕು ಭಾಗವನ್ನು ರಕ್ತದ ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನೆಗೂ, ಒಂದು ಭಾಗವನ್ನು ಭಾರತದಲ್ಲಿ ರೋಗಪೀಡಿತರ ಸಂಕಟ ನಿವಾರಣೆಗೆ ನೆರವಾಗುವ ಸಂಶೋಧನೆಗೂ ಮೀಸಲಿರಿಸಲಾಯಿತು. ಅದಕ್ಕೂ ಮುನ್ನ, ಮಾರ್ಚ್ ತಿಂಗಳಿನಲ್ಲಿ, ತಮ್ಮ ಉಳಿದ ಸಂಪತ್ತನ್ನೆಲ್ಲ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಅವರು ಒಪ್ಪಿಸಿದ್ದರು. 1932ರ ಜೂನ್ 3ರಂದು ಜರ್ಮನಿಯಲ್ಲಿ ನಿಧನರಾದರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲಿಯೇ ಅವರ ಅಂತ್ಯಕ್ರಿಯೆ ನಡೆಯಿತು.

ಫಲಶ್ರುತಿ

ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ 1941ರ ಫೆಬ್ರವರಿ 28ರಂದು ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾಯಿತು. 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯಕ್ಕೂ, 1962ರಲ್ಲಿ ಅಣುಶಕ್ತಿ ಇಲಾಖೆಗೂ ಅದರ ಆಡಳಿತ ವರ್ಗಾವಣೆಯಾಯಿತು. ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಇಂದಿಗೂ ಸಂಶೋಧಕರಿಗೆ ಧನಸಹಾಯ ನೀಡುತ್ತಿದೆ.

ದಾನಿಗಳು ಗಮನಿಸಬೇಕಾದ ಸಂಗತಿಯೆಂದರೆ, ದೊರಾಬ್ಜಿ ಅವರು ತಮ್ಮ ಜೀವಿತಕಾಲದಲ್ಲಿಯೇ ದತ್ತಿಯನ್ನು ಸ್ಥಾಪಿಸಿ, ಅದರ ಉದ್ದೇಶವನ್ನೂ ಆದಾಯದ ಹಂಚಿಕೆಯನ್ನೂ ಸ್ಪಷ್ಟವಾಗಿ ಗೊತ್ತುಪಡಿಸಿದ್ದರು. ಇದಾದ ಎರಡು ತಿಂಗಳೊಳಗೆ ಅವರು ತೀರಿಕೊಂಡರು. ಆದರೂ ದತ್ತಿಯ ಕಾರ್ಯ ನಿಲ್ಲಲಿಲ್ಲ. ದತ್ತಿಯ ಮೊತ್ತ ಚಿಕ್ಕದಿರಲಿ, ದೊಡ್ಡದಿರಲಿ, ಈ ಕ್ರಮವು ಎಲ್ಲ ದಾನಿಗಳಿಗೂ ಅನುಸರಣೀಯವಾಗಿದೆ.