ಚದುರಂಗಪ್ರಿಯನಾದ ಕೃಷ್ಣದೇವರಾಯನು

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ, ಅಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ, ಬೆಳೆದ ನಮ್ಮ ವಿದ್ಯಾರ್ಥಿನಿಯರಿಗೆ ವಿಜಯನಗರದ ಕೃಷ್ಣದೇವರಾಯನ ಹೆಸರು ಹೊಸದಲ್ಲ. ಅವನು ಚದುರಂಗಪ್ರಿಯನಾಗಿದ್ದನೆಂಬುದು ಮಾತ್ರ ಅನೇಕರಿಗೆ ತಿಳಿಯದು.

ತುಳುವ ನರಸನಾಯಕನಿಗೂ ನಾಗಲಾದೇವಿಗೂ ಮಗನಾಗಿ ಜನಿಸಿದ ಈತನು 1509ರಲ್ಲಿ ಸಿಂಹಾಸನವನ್ನೇರಿದನು. ಗಜಪತಿಯಿಂದ ಉದಯಗಿರಿ, ಕೊಂಡವೀಡು ದುರ್ಗಗಳನ್ನು ಗೆದ್ದನು. ತೆಲುಗಿನಲ್ಲಿ ಆಮುಕ್ತಮಾಲ್ಯದವೆಂಬ ಕಾವ್ಯವನ್ನು ರಚಿಸಿದನು. ಬೊಡ್ಡುಚೆರ್ಲ ತಿಮ್ಮನನೆಂಬ ಕವಿಯು ರಾಯನನ್ನು ಚದುರಂಗದಲ್ಲಿ ಮೇಲಿಂದ ಮೇಲೆ ಸೋಲಿಸುತ್ತಿದ್ದನೆಂದೂ, ರಾಯನು ಮುನಿಯದೆ ಅವನಿಗೆ ಕೊಪ್ಪೋಲು ಗ್ರಾಮವನ್ನು ದಾನವಾಗಿ ಕೊಟ್ಟನೆಂದೂ ಹೇಳುತ್ತಾರೆ. ಸೋಲಿಸಿದವನನ್ನು ಸನ್ಮಾನಿಸುವ ಅರಸರು ವಿರಳ.

ಚದುರಂಗದಲ್ಲಿ ಎದುರಾಳಿಯು ಮೇಲೆ ಬಿದ್ದಾಗ ರಕ್ಷಣೆಗೆ ಎರಡು ದಾರಿಗಳುಂಟು. ಎಲ್ಲಾ ಕಾಯಿಗಳನ್ನೂ ರಾಜನ ಸುತ್ತ ಒತ್ತಿ ಕೂರಿಸುವುದು ಒಂದು. ಅದು ಕ್ಷೇಮವೆಂದು ತೋರಿದರೂ ಕಾಯಿಗಳು ಒಂದಕ್ಕೊಂದು ಅಡ್ಡವಾಗಿ, ಕಡೆಗೆ ನಡೆಯೇ ಇಲ್ಲದಂತಾಗುತ್ತದೆ. ಅವಶ್ಯವಾದಷ್ಟನ್ನೇ ಕಾಪಾಡಿ, ಆನೆ ಕುದುರೆಗಳನ್ನು ಮೀಸಲಿರಿಸಿ, ಎದುರಾಳಿಯ ಕಾಯಿಗಳು ದೂರ ನುಗ್ಗಿ ಬಂದು ಅವನ ಮನೆ ಬರಿದಾದ ಗಳಿಗೆಯಲ್ಲಿ ತಿರುಗಿ ಹೊಡೆಯುವುದು ಇನ್ನೊಂದು. ಆಧಾರವಿಲ್ಲದ ದಾಳಿಯು ತಡೆದುಕೊಳ್ಳಬಲ್ಲವನ ಮುಂದೆ ಮುರಿದು ಬೀಳುವುದೆಂಬುದನ್ನು ಯೂರೋಪಿನಲ್ಲಿ ಸ್ಟೈನಿಟ್ಸನು (1836–1900) ಶಾಸ್ತ್ರವಾಗಿ ಬೋಧಿಸಿದನು. 1894ರಿಂದ 1921ರ ವರೆಗೆ ಜಗದ್ವಿಜೇತನಾಗಿದ್ದ ಲಾಸ್ಕರನು ಕೆಟ್ಟ ಸ್ಥಿತಿಯಿಂದಲೂ ಹೀಗೆಯೇ ಎದ್ದು ನಿಲ್ಲುತ್ತಿದ್ದನು.

ರಾಯನು ಆಡಿದ ಆಟಗಳ ನಡೆಗಳು ಉಳಿದು ಬಂದಿಲ್ಲ. ಅವನ ರಣನೀತಿಯು ಉಳಿದಿದೆ. 1520ರಲ್ಲಿ ಅವನು ರಾಯಚೂರಿನ ಕೋಟೆಯನ್ನು ಮುತ್ತಿರಲು, ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನು ದೊಡ್ಡ ಫಿರಂಗಿಗಳೊಡನೆ ಕೃಷ್ಣೆಯನ್ನು ದಾಟಿ ಬಂದನು. ಪೋರ್ಚುಗೀಸ್ ಕುದುರೆ ವ್ಯಾಪಾರಿಯಾದ ನೂನಿಸನು ಈ ಕಾಳಗವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಸೈನ್ಯಸಂಖ್ಯೆಗಳನ್ನು ನಾನು ನಂಬಲಾರೆ; ಕಾಳಗದ ಕ್ರಮವನ್ನು ನಂಬಬಹುದು. ಫಿರಂಗಿಗಳು ಒಮ್ಮೆಲೇ ಸಿಡಿಯಲು ರಾಯನ ಮುಂಪಡೆಯು ಒಡೆದು ಹಿಂದಕ್ಕೋಡಿತು. ಬಿಜಾಪುರದವರು ಅಟ್ಟಿಸಿಕೊಂಡು ಬಂದರು. ಆಗ ರಾಯನು, ತಾನು ಮಡಿದರೆ ರಾಣಿಯರಿಗೆ ಗುರುತಾಗಿ ತೋರಿಸಬೇಕೆಂದು ಉಂಗುರವನ್ನು ಸೇವಕನ ಕೈಗೆ ಕೊಟ್ಟನು. ಆ ಗುರುತಿನ ಅರ್ಥ ಸಹಗಮನ. ರಣರಂಗಕ್ಕೆ ಬಾರದ ಆ ಸ್ತ್ರೀಯರ ಪ್ರಾಣವೂ ಅಂದಿನ ಪಣದಲ್ಲಿತ್ತೆಂಬುದನ್ನು ಓದುವಾಗ ಮನಸ್ಸು ಕುಗ್ಗುತ್ತದೆ.

ರಾಯನು ಹಿಮ್ಮೆಟ್ಟಲಿಲ್ಲ, ನಿಂತಲ್ಲೇ ಕಾಯುತ್ತಲೂ ಕೂರಲಿಲ್ಲ. ಕುದುರೆಯೇರಿ, ಮೀಸಲಾಗಿದ್ದ ದಂಡುಗಳನ್ನೆಲ್ಲಾ ಮುನ್ನಡೆಸಿದನು. ಬೆನ್ನಟ್ಟುವ ಭರದಲ್ಲಿ ಸಾಲು ಕೆಟ್ಟಿದ್ದ ಶತ್ರುಸೈನ್ಯವು ಈ ಮರುದಾಳಿಗೆ ನಿಲ್ಲಲಾರದೆ ನದಿಯ ಕಡೆಗೆ ತಿರುಗಿತು. ಕೃಷ್ಣೆಯ ಮಡುವಿನಲ್ಲಿ ಅಸಂಖ್ಯಾತರು ಮುಳುಗಿದರು. ಶಾಹನು ಆನೆಯೇರಿ ಪಾರಾದನು; ಅವನ ಫಿರಂಗಿಗಳು ರಾಯನ ವಶವಾದವು. ಬಳಿಕ ಕ್ರಿಸ್ತೋವಾಂವ್ ದೆ ಫಿಗೆರೇದು ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲಿನ ಕಾವಲುಗಾರರನ್ನು ಕೆಡಹಲು ಕೋಟೆಯೂ ಬಿದ್ದಿತು.

ಗೆದ್ದ ಮೇಲಿನ ನಡೆಯು ಅಷ್ಟು ವಿವೇಕದ್ದಾಗಿರಲಿಲ್ಲವೆಂದು ನನ್ನ ಎಣಿಕೆ. ಶಾಹನು ಬಂದು ತನ್ನ ಪಾದವನ್ನು ಚುಂಬಿಸಿದರೆ ಗೆದ್ದುದನ್ನು ಹಿಂದಿರುಗಿಸುವೆನೆಂದು ರಾಯನು ಹೇಳಿ ಕಳುಹಿಸಿದನು. ಅದಕ್ಕಾಗಿ ಲಿಂಗಸುಗೂರಿನ ಸಮೀಪದ ಮುದಗಲ್ಲಿಗೂ ಹೋದನು. ಶಾಹನು ಬರಲೇ ಇಲ್ಲ. ರಾಯನು ಬಿಜಾಪುರದ ವರೆಗೂ ದಂಡೆತ್ತಿ ಹೋದನು. ಹಗೆಯು ಮಾತ್ರ ಆರಲಿಲ್ಲ. 1529ರಲ್ಲಿ ರಾಯನು ತೀರಿಕೊಂಡನು. ಮರುವರ್ಷವೇ ಅದೇ ಇಸ್ಮಾಯಿಲ್ ಆದಿಲ್‌ಶಾಹನು ತಿರುಗಿ ಬಂದು ರಾಯಚೂರನ್ನೂ ಮುದಗಲ್ಲನ್ನೂ ಹಿಡಿದುಕೊಂಡನು.