ಕ್ರಿಕೆಟ್ ಕಲಿ ರಣಜಿ

ಕಾಠಿಯಾವಾಡದ ಸರೋದರ ಗ್ರಾಮದಲ್ಲಿ 1872ರಲ್ಲಿ ಜನಿಸಿದ ರಣಜಿತ್‌ಸಿಂಹಜಿ 1888ರಲ್ಲಿ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಕೇಂಬ್ರಿಜ್‌ನಲ್ಲಿ ಕ್ರಿಕೆಟ್ಟೇ ಅವರ ತಪಸ್ಸಾಯಿತು. ವೇಗದ ಚೆಂಡು ಬಂದಾಗ ಅವರ ಬಲಗಾಲು ಹಿಂದಕ್ಕೆ ಸರಿಯುತ್ತಿತ್ತು. ಈ ದೋಷವನ್ನು ತಿದ್ದಲು ಆ ಕಾಲನ್ನು ನೆಲಕ್ಕೆ ಬಿಗಿದು ಅಭ್ಯಾಸ ಮಾಡಿಸಿದರಂತೆ. ಕದಲಲಾರದೆ ನಿಂತ ರಣಜಿ ಎಡಗಾಲನ್ನು ಅಡ್ಡಲಾಗಿ ಇರಿಸಿ, ಮೈಮೇಲೆ ಬಂದ ಚೆಂಡನ್ನು ಮಣಿಕಟ್ಟಿನ ನಸುತಿರುವಿನಿಂದ ಬೆನ್ನ ಹಿಂದಕ್ಕೆ ಜಾರಿಸತೊಡಗಿದರು. ಅದೇ ಪ್ರಸಿದ್ಧವಾದ ‘ಲೆಗ್ ಗ್ಲಾನ್ಸ್’. ಅಲ್ಲಿ ತೋಳ್ಬಲಕ್ಕೆ ಕೆಲಸವಿಲ್ಲ; ಎಸೆತದ ವೇಗವೇ ಚೆಂಡನ್ನು ಗಡಿ ದಾಟಿಸುತ್ತದೆ. ಮುಂದಕ್ಕೆ ಬಾರಿಸುವುದೇ ಸರಿಯಾದ ಆಟವೆಂದು ನಂಬಿದ್ದ ಆಂಗ್ಲರಿಗೆ ಇದು ಕಣ್ಕಟ್ಟಿನಂತೆ ತೋರಿತು.

1896ರಲ್ಲಿ ಆಸ್ಟ್ರೇಲಿಯದ ತಂಡ ಬಂದಾಗ ಲಾರ್ಡ್ಸ್ ಪಂದ್ಯಕ್ಕೆ ಅವರನ್ನು ಆರಿಸಲಿಲ್ಲ. ಭಾರತೀಯನೊಬ್ಬನು ಇಂಗ್ಲೆಂಡಿನ ಪರವಾಗಿ ಆಡಬಹುದೇ ಎಂಬ ಚರ್ಚೆ ಎದ್ದಿತ್ತು. ಮ್ಯಾಂಚೆಸ್ಟರಿನ ಆಯ್ಕೆಗಾರರು ಮಾತ್ರ ಅವರನ್ನು ಕರೆದರು. ಎದುರಾಳಿಗಳು ಒಪ್ಪಿದ ಮೇಲೆಯೇ ರಣಜಿ ಕಣಕ್ಕಿಳಿದರು. ಮೊದಲ ಸರದಿಯಲ್ಲಿ 62 ಓಟ. ಎರಡನೆಯದರಲ್ಲಿ ಔಟಾಗದೆ 154! ಇಂಗ್ಲೆಂಡೇನೋ ಸೋತಿತು, ಆದರೆ ಮುಂದಿನ ಪಂದ್ಯದಲ್ಲಿ ಅವರನ್ನು ಕೈಬಿಡುವ ಧೈರ್ಯ ಯಾರಿಗೂ ಬರಲಿಲ್ಲ. ಅದೇ ಆಗಸ್ಟಿನಲ್ಲಿ ಸಸೆಕ್ಸ್ ತಂಡದ ಪರವಾಗಿ, ಯಾರ್ಕ್‌ಷೈರ್ ವಿರುದ್ಧ, ಒಂದೇ ದಿನದಲ್ಲಿ ಎರಡು ಶತಕಗಳನ್ನು ಗಳಿಸಿದರು.

ಒಟ್ಟು 15 ಟೆಸ್ಟುಗಳಲ್ಲಿ ಅವರು ಗಳಿಸಿದ್ದು 989 ಓಟ. ಎಲ್ಲವೂ ಇಂಗ್ಲೆಂಡಿಗಾಗಿಯೇ. 1907ರಲ್ಲಿ ನವಾನಗರದ ದೊರೆಯಾದ ಬಳಿಕವೂ ಭಾರತದ ಕ್ರಿಕೆಟ್ಟಿಗೆ ಅವರು ಹೆಚ್ಚೇನನ್ನೂ ಮಾಡಲಿಲ್ಲವೆಂಬ ಮಾತನ್ನು ಅಲ್ಲಗಳೆಯುವುದು ಕಷ್ಟ. ಭಾರತವು 1932ರಲ್ಲಿ ಮೊದಲ ಟೆಸ್ಟ್ ಆಡಿತು; ಮರುವರ್ಷವೇ ರಣಜಿ ತೀರಿಕೊಂಡರು. 1934ರಲ್ಲಿ ಆರಂಭವಾದ ರಾಷ್ಟ್ರೀಯ ಪಂದ್ಯಾವಳಿಯ ಟ್ರೋಫಿಗೆ ಅವರ ಹೆಸರನ್ನೇ ಇಡಲಾಯಿತು.