ಸನ್ಯಾಸಿನಿಯಾಗಲು ಹೊರಟು ಗಣಿತ ಕಲಿಸಿದ ಮರಿಯಾ ಅಗ್ನೇಸಿ

ಪಿರಿಯಾಪಟ್ಟಣವಿರಲಿ, ಹುಣಸೂರಿರಲಿ, ದ್ವಿತೀಯ ಪಿಯುಸಿಯಲ್ಲಿ ಗಣಿತ ಓದಿದವರೆಲ್ಲ ಒಂದನ್ನು 'ಒಂದು ಕೂಡಿಸು ಎಕ್ಸ್ ವರ್ಗ'ದಿಂದ ಭಾಗಿಸಿದ ಉತ್ಪನ್ನವನ್ನು ಅನುಕಲಿಸಿರುತ್ತಾರೆ. ಅದರ ನಕ್ಷೆ ನಡುವೆ ಗುಡ್ಡದಂತೆ ಉಬ್ಬಿ ಎರಡೂ ಬದಿಗೆ ಇಳಿಯುತ್ತದೆ. ಗಣಿತ ಲೋಕದಲ್ಲಿ ಈ ವಕ್ರರೇಖೆಗೆ 'ಅಗ್ನೇಸಿಯ ಮಾಟಗಾತಿ' ಎಂದು ಹೆಸರು. ಅದರ ಹಿಂದಿರುವ ಮಹಿಳೆಗೆ ಮಾಟಮಂತ್ರದ ಸೋಂಕೂ ಇರಲಿಲ್ಲ. ಸನ್ಯಾಸಿನಿಯಾಗಬೇಕೆಂದು ಹಂಬಲಿಸಿದ್ದ ಆಕೆ ಇಟಲಿಯ ಮರಿಯಾ ಗಯೆಟಾನಾ ಅಗ್ನೇಸಿ.

ಮರಿಯಾ ಜನಿಸಿದ್ದು 1718ರ ಮೇ 16ರಂದು, ಮಿಲಾನ್ ನಗರದಲ್ಲಿ. ರೇಷ್ಮೆ ವ್ಯಾಪಾರದಿಂದ ಸಿರಿವಂತವಾದ ಮನೆತನ. ತಂದೆ ಪಿಯೆತ್ರೊ ಮೂರು ಮದುವೆಯಾದವರು. ಅವರ 21 ಮಕ್ಕಳಲ್ಲಿ ಮರಿಯಾ ಹಿರಿಯರು. ಒಂಬತ್ತನೆಯ ವಯಸ್ಸಿನಲ್ಲೇ ಹೆಣ್ಣುಮಕ್ಕಳ ಶಿಕ್ಷಣವನ್ನು ಸಮರ್ಥಿಸುವ ಲ್ಯಾಟಿನ್ ಭಾಷಣವನ್ನು ಪಂಡಿತರ ಮುಂದೆ ಒಪ್ಪಿಸಿದರು. ಹರೆಯಕ್ಕೆ ಬರುವಷ್ಟರಲ್ಲಿ ಏಳು ಭಾಷೆಗಳು ಕರಗತವಾಗಿದ್ದವು. ತಂದೆಗೆ ಇದು ಹೆಮ್ಮೆಯ ಸಂಗತಿ. ಮನೆಗೆ ಗಣ್ಯರನ್ನು ಕರೆದು ಮಗಳಿಂದ ತತ್ವಶಾಸ್ತ್ರದ ವಾದ ಮಾಡಿಸುವುದು, ತಂಗಿ ಮರಿಯಾ ತೆರೇಸಾರಿಂದ ಸಂಗೀತ ನುಡಿಸುವುದು ಆ ಮನೆಯ ವಾಡಿಕೆಯಾಯಿತು. ಪ್ರದರ್ಶನದ ಗೊಂಬೆಯಾಗುವುದು ಮರಿಯಾಗೆ ಒಗ್ಗಲಿಲ್ಲ.

ಇಪ್ಪತ್ತರ ಆಸುಪಾಸಿನಲ್ಲಿ ಆಕೆ ಕಾನ್ವೆಂಟ್ ಸೇರುವುದಾಗಿ ತಿಳಿಸಿದರು. ತಂದೆ ಒಪ್ಪಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ಸರಳ ಉಡುಪು ಧರಿಸಲು, ಇಚ್ಛೆ ಬಂದಾಗ ಚರ್ಚಿಗೆ ಹೋಗಲು, ನೃತ್ಯಕೂಟ ಮತ್ತು ನಾಟಕಗಳಿಂದ ದೂರವಿರಲು ಅನುಮತಿ ದೊರೆಯಿತು. ಮಗಳು ಮನೆಯಲ್ಲೇ ಉಳಿದರು. ಸನ್ಯಾಸ ವ್ರತವಿಲ್ಲದ ಈ ಸನ್ಯಾಸ ಜೀವನದಲ್ಲೇ ಗಣಿತ ಗಟ್ಟಿಯಾಯಿತು. ಗುರುವಾಗಿ ದೊರೆತವರು ಕೂಡ ಒಬ್ಬ ಕ್ರೈಸ್ತ ಸನ್ಯಾಸಿ, ರಾಮಿರೊ ರಾಂಪಿನೆಲ್ಲಿ.

ಮನೆಯ ತಮ್ಮಂದಿರಿಗೆ ಪಾಠ ಹೇಳಲು ಆರಂಭಿಸಿದ ಟಿಪ್ಪಣಿಗಳೇ ಬೆಳೆದು ಗ್ರಂಥವಾದವು ಎಂಬ ಪ್ರತೀತಿ ಇದೆ. 1748ರಲ್ಲಿ ಎರಡು ಸಂಪುಟಗಳಲ್ಲಿ, ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಹೊರಬಂದ ಆ ಕೃತಿ ಇಟಲಿಯ ಯುವಜನರ ಬಳಕೆಗೆಂದೇ ರಚಿತವಾದದ್ದು. ವಿದ್ವಾಂಸರ ಲ್ಯಾಟಿನ್ ಬಿಟ್ಟು ಇಟಾಲಿಯನ್ ಭಾಷೆಯಲ್ಲಿ ಬರೆದದ್ದೇ ಅದಕ್ಕೆ ಸಾಕ್ಷಿ. ಬೀಜಗಣಿತದಿಂದ ಹೊರಟು ಅವಕಲನ, ಅನುಕಲನಗಳವರೆಗೆ ಉದಾಹರಣೆಗಳೊಡನೆ ಹೆಜ್ಜೆ ಹೆಜ್ಜೆಯಾಗಿ ಕರೆದೊಯ್ಯುವ ಈ ಪುಸ್ತಕದ ಎರಡನೆಯ ಸಂಪುಟ 1775ರಲ್ಲಿ ಫ್ರೆಂಚಿಗೆ ಬಂತು. ಇಂಗ್ಲಿಷಿಗೆ ತಂದವರು ಕೇಂಬ್ರಿಡ್ಜ್‌ನ ಪ್ರಾಧ್ಯಾಪಕ ಜಾನ್ ಕಾಲ್ಸನ್. ಈ ಅನುವಾದಕ್ಕೆಂದೇ ಇಳಿವಯಸ್ಸಿನಲ್ಲಿ ಇಟಾಲಿಯನ್ ಕಲಿತ ಅವರು, ವಕ್ರರೇಖೆಯ ಹೆಸರಾದ 'ವೆರ್ಸಿಯೆರಾ'ವನ್ನು ಹೆಣ್ಣು ಪಿಶಾಚಿ ಎಂಬರ್ಥದ 'ಅವೆರ್ಸಿಯೆರಾ' ಎಂದು ಗ್ರಹಿಸಿದರು. ಮಾಟಗಾತಿ ಹುಟ್ಟಿದ್ದು ಹೀಗೆ. ಆ ರೇಖೆಯನ್ನು ಅಗ್ನೇಸಿಗಿಂತ ಮೊದಲೇ ಫರ್ಮಾ ಮತ್ತು ಗ್ರಾಂದಿ ಅಭ್ಯಸಿಸಿದ್ದರು ಎಂಬುದು ಬೇರೆ ಮಾತು.

ಕೃತಿಯನ್ನು ಅರ್ಪಿಸಿಕೊಂಡ ಸಾಮ್ರಾಜ್ಞಿ ಮರಿಯಾ ತೆರೇಸಾ ವಜ್ರದುಂಗುರ ಕಳುಹಿಸಿದರು. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ 1750ರಲ್ಲಿ ಬೊಲೊನ್ಯಾ ವಿಶ್ವವಿದ್ಯಾನಿಲಯದ ಗಣಿತ ಪೀಠಕ್ಕೆ ನೇಮಿಸಿದರು. ಮಹಿಳೆಯೊಬ್ಬರಿಗೆ ಅಂದು ಅಪೂರ್ವವಾಗಿದ್ದ ಆ ಪೀಠದಲ್ಲಿ ಪಾಠ ಹೇಳಲು ಆಕೆ ಹೋಗಲೇ ಇಲ್ಲ.

1752ರಲ್ಲಿ ತಂದೆ ತೀರಿಕೊಂಡರು. ತಡೆಯುವವರಿಲ್ಲವಾದ ಮೇಲೆ ಮರಿಯಾ ಗಣಿತವನ್ನು ಕೈಬಿಟ್ಟು ಬಡ ರೋಗಿಗಳ ಶುಶ್ರೂಷೆಗೆ, ಧಾರ್ಮಿಕ ಬೋಧನೆಗೆ ನಿಂತರು. ಸಾಮ್ರಾಜ್ಞಿಯ ಉಡುಗೊರೆಗಳೂ ಅದಕ್ಕಾಗಿ ಮಾರಾಟವಾದವು. 1762ರಲ್ಲಿ ಟ್ಯೂರಿನ್‌ನವರು ತರುಣ ಲಗ್ರಾಂಜ್‌ನ ಸಂಶೋಧನೆಯ ಬಗ್ಗೆ ಅಭಿಪ್ರಾಯ ಕೋರಿದಾಗ, ಅಂಥ ವಿಷಯಗಳಲ್ಲಿ ತಮಗೀಗ ಆಸಕ್ತಿಯಿಲ್ಲವೆಂದು ನಿರಾಕರಿಸಿದರು. ಇದನ್ನು ಗಣಿತಕ್ಕಾದ ನಷ್ಟವೆಂದು ಬಣ್ಣಿಸುವುದು ರೂಢಿ. ಆದರೆ ಇಪ್ಪತ್ತರಲ್ಲಿ ಆಕೆ ಕೇಳಿದ್ದು ಈ ಬದುಕನ್ನೇ. ತಂದೆ ಅಂದೇ ಒಪ್ಪಿದ್ದರೆ ಆ ಪಠ್ಯಪುಸ್ತಕ ಬರುತ್ತಿತ್ತೇ ಎಂಬುದೂ ಸಂದೇಹ.

1771ರಲ್ಲಿ ಮಿಲಾನ್‌ನಲ್ಲಿ ವೃದ್ಧರಿಗಾಗಿ ತೆರೆದ ಪಿಯೊ ಅಲ್ಬೆರ್ಗೊ ತ್ರಿವುಲ್ಜಿಯೊ ಆಶ್ರಯಧಾಮದ ಮಹಿಳಾ ವಿಭಾಗದ ಹೊಣೆ ಹೊತ್ತ ಅಗ್ನೇಸಿ, 1799ರ ಜನವರಿ 9ರಂದು ನಿಧನರಾದರು. ಅವರನ್ನು ಮಣ್ಣು ಮಾಡಿದ್ದು ಬಡವರ ಸಾಮೂಹಿಕ ಗುಂಡಿಯಲ್ಲಿ.